ಉತ್ತರ ಯಾವ ಕಡೆ ಎಂದು ತಿಳಿಯದ ನಾಯಕ

ಮರುಭೂಮಿ ಉದ್ಯಾನಕ್ಕೆ ಪರವಾನಗಿ ಕೊಡುವ ಮಾನ್ಯರೇ,

ನನ್ನ ಗಂಡನನ್ನು ತಂಡದ ನಾಯಕನೆಂದು ನಮೂದಿಸಿ ನೀವು ಕಳಿಸಿದ ಪರವಾನಗಿ ಕೈಸೇರಿದೆ. ಅದನ್ನು ಹಾಗೆಯೇ ಹಿಂದಿರುಗಿಸುತ್ತಿದ್ದೇನೆ. ಕಾರಣವನ್ನು ಊರೆಲ್ಲ ಓದಲಿ ಎಂದು ಪತ್ರಿಕೆಗೂ ಕೊಟ್ಟಿದ್ದೇನೆ. ಮದುವೆಯಾಗಿ ನಲವತ್ತೊಂದು ದಿನವಾದ ನಾನು ಸದ್ಯ ಯಾರ ಮೇಲೂ ಸಿಟ್ಟಾಗುವ ಸ್ಥಿತಿಯಲ್ಲಿಲ್ಲ. ಕೆಟ್ಟುಹೋದ ಲಿಫ್ಟನ್ನೂ ನೋಡಿ ನಗುತ್ತೇನೆ. ಅಂಥವಳನ್ನು ಕೆರಳಿಸಿದ ಕೀರ್ತಿ ನಿಮ್ಮ ಕಚೇರಿಗೇ ಸಲ್ಲಬೇಕು. ಇಂಗ್ಲಿಷ್ ಮೀಡಿಯಂನಲ್ಲಿ ಓದಿದವಳಾದರೂ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಕೋಪ ಬಂದಾಗ ನನಗೆ ಇಂಗ್ಲಿಷ್ ಸಾಲುವುದಿಲ್ಲ.

ನಾನು ಭೂಮಾಪನ ಕಚೇರಿಯಲ್ಲಿ ನಕ್ಷೆ ಬಿಡಿಸುವವಳು. ಮದುವೆಗೆ ಮುಂಚೆ ಎರಡು ಬಾರಿ, ನಿಮ್ಮದೇ ಪರವಾನಗಿ ಪಡೆದು, ಮೂವರು ಗೆಳತಿಯರನ್ನು ನಿಮ್ಮ ಉದ್ಯಾನದೊಳಗೆ ಕರೆದೊಯ್ದು ಸುರಕ್ಷಿತವಾಗಿ ಹೊರಗೆ ಕರೆತಂದಿದ್ದೇನೆ. ಗೇಟು ದಾಟಿದರೆ ಮೂರು ದಿನದ ದಾರಿ. ನಡುವೆ ಒಂದು ಬಾವಿಯಿಲ್ಲ, ಫೋನಿಗೆ ಸಿಗ್ನಲ್ ಇಲ್ಲ. ಆ ಜಾಗವನ್ನು ನನ್ನವರಿಗೂ ತೋರಿಸಬೇಕೆಂಬ ಆಸೆ. ಒಂದು ತಿಂಗಳಿಂದ ನಮ್ಮ ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲ: ನೆಲದ ತುಂಬ ನಕ್ಷೆ, ಮಂಚದ ಕೆಳಗೆ ನೀರಿನ ಕ್ಯಾನು, ಕಪಾಟಿಗೆ ಒರಗಿಸಿದ ಎರಡು ಟೈರು. ಮದುವೆಯಾದವರು ಸಮುದ್ರ ನೋಡಲು ಹೋಗುತ್ತಾರೆ, ನೀವು ನೀರಿಲ್ಲದ ಕಡೆಗೆ ನೀರು ಹೊತ್ತು ಹೊರಟಿದ್ದೀರಲ್ಲ ಎಂದು ಅತ್ತೆ ದಿನವೂ ಅವನ್ನು ದಾಟಿಕೊಂಡು ಬಂದು ನಗುತ್ತಾರೆ.

ಇನ್ನು ನೀವು ಆರಿಸಿದ ನಾಯಕರ ವಿಷಯ. ನನ್ನ ಗಂಡ ಗಡಿಯಾರ ರಿಪೇರಿ ಮಾಡುವವರು. ಸಾಸಿವೆ ಕಾಳಿಗಿಂತ ಸಣ್ಣ ಸ್ಕ್ರೂವನ್ನು ಉಸಿರು ಬಿಗಿಹಿಡಿದು ಕೂರಿಸುವ ಬೆರಳುಗಳು ಅವರವು. ಆ ಬೆರಳುಗಳ ಬಗ್ಗೆ ಇನ್ನೂ ನಾಲ್ಕು ಪುಟ ಬರೆಯಬಲ್ಲೆ, ಆದರೆ ನೀವು ಬಿಡುವಿಲ್ಲದವರು. ದಿಕ್ಕಿನ ಮಾತು ಬೇರೆ. ನಾದಿನಿ ಅವರನ್ನು ‘ದಿಕ್ಸೂಚಿ’ ಎಂದು ಕರೆಯುವುದು ಹೊಗಳಲಿಕ್ಕಲ್ಲ. ಹುಟ್ಟಿ ಬೆಳೆದ ಬೀದಿಯ ಮೂಲೆ ಅಂಗಡಿಗೆ ಬ್ರೆಡ್ ತರಲು ಹೋಗಿ, ಪಕ್ಕದ ಬಡಾವಣೆಯಿಂದ ಫೋನ್ ಮಾಡಿ, “ಇಲ್ಲೊಂದು ನೀಲಿ ಗೇಟಿದೆ, ನಮ್ದೇನಾ?” ಎಂದು ಕೇಳಿದವರು.

ದಂಪತಿ ಅರ್ಜಿ ಹಾಕಿದರೆ ಗಂಡನೇ ನಾಯಕ, ಹೆಂಡತಿ ‘ಜೊತೆಗಿರುವವರು’ ಎಂಬುದು ನಿಮ್ಮ ನಿಯಮ. ಅನುಭವವಿಲ್ಲದವರು ನಾಯಕರಾಗಬಾರದು ಎಂಬುದೂ ನಿಮ್ಮದೇ ನಿಯಮ. ಎರಡನ್ನೂ ಕಾಪಾಡಲು ನೀವು ಮಾಡಿದ್ದೇನು? ನನ್ನ ಎರಡು ಪ್ರಯಾಣಗಳನ್ನು ಅವರ ಹೆಸರಿಗೆ ಬರೆದಿರಿ. ಮರುಭೂಮಿಯನ್ನೇ ಕಾಣದ ಮನುಷ್ಯ ನಿಮ್ಮ ಕಡತದಲ್ಲಿ ಅದನ್ನು ಎರಡು ಸಲ ಸುತ್ತಿ ಬಂದಿದ್ದಾರೆ. ಅದೇ ಕಡತದಲ್ಲಿ ನಾನು ಎಲ್ಲಿಗೂ ಹೋಗಿಲ್ಲ. ಹಾಗಾದರೆ ಎರಡು ಸಲವೂ ಬಿಸಿಲಿಗೆ ಚರ್ಮ ಸುಲಿದ ಈ ಮೂಗು ಯಾರದು, ಮಾನ್ಯರೇ?

ಕಳೆದ ವಾರ ನಿಮ್ಮ ಕೌಂಟರಿನ ಮುಂದೆಯೇ ನಾನು ಗಂಡನನ್ನು ಉತ್ತರ ಯಾವ ಕಡೆ ಎಂದು ಕೇಳಿದೆ. ಅವರು ಬಹಳ ಯೋಚಿಸಿ ಗುಮಾಸ್ತರ ಫ್ಲಾಸ್ಕಿನ ಕಡೆ ಬೆರಳು ತೋರಿಸಿದರು. ಗುಮಾಸ್ತರು ನಕ್ಕರು, ಆದರೆ ಪೆನ್ನು ಎತ್ತಲಿಲ್ಲ.

“ನೋಡಮ್ಮಾ, ದಿಕ್ಕಿನ ಕಾಲಂ ಫಾರ್ಮಲ್ಲಿಲ್ಲ. ಗಂಡ ಅಂದ್ರೆ ಗಂಡ, ಅಷ್ಟೇ.”

“ಸರ್, ನಾನು ನಾಯಕನಾದ್ರೆ ನನ್ನನ್ನ ಹುಡುಕೋಕೂ ಇವಳೇ ಬರಬೇಕಾಗತ್ತೆ,” ಎಂದರು ನನ್ನ ಗಂಡ.

ನಗುವ ಮಾತಲ್ಲ ಇದು. ಉದ್ಯಾನದೊಳಗೆ ದಿನವೂ ಸಂಜೆ ಐದಕ್ಕೆ ನಾವಿರುವ ಜಾಗವನ್ನು ರೇಡಿಯೋದಲ್ಲಿ ತಿಳಿಸಬೇಕು. ನಿಮ್ಮ ಕಾವಲು ಠಾಣೆ ನಾಯಕನ ದನಿಯನ್ನಲ್ಲದೆ ಬೇರೆ ದನಿಯನ್ನು ದಾಖಲಿಸುವುದಿಲ್ಲ. ಅವರು ಫ್ಲಾಸ್ಕಿನ ಕಡೆ ಎನ್ನುತ್ತಾರೆ, ನಮ್ಮನ್ನು ಹುಡುಕಲು ನೀವು ಅತ್ತ ಜೀಪು ಕಳಿಸುತ್ತೀರಿ, ನಾವು ಇತ್ತ ಕೊನೆಯ ಕ್ಯಾನು ಅಲ್ಲಾಡಿಸಿ ನೋಡುತ್ತಿರುತ್ತೇವೆ. ನಲವತ್ತೊಂದು ದಿನ ನನಗೆ ಸಾಲದು, ಮಾನ್ಯರೇ. ನಲವತ್ತೊಂದು ವರ್ಷವಾದರೂ ಬೇಕು.

ಆದ್ದರಿಂದ ನನ್ನ ಪ್ರಯಾಣಗಳನ್ನು ನನಗೆ ಹಿಂತಿರುಗಿಸಿ, ನಾಯಕಿಯ ಜಾಗದಲ್ಲಿ ನನ್ನ ಹೆಸರು ಬರೆಯಿರಿ. ಇದಕ್ಕೆ ಒಪ್ಪಿ ನನ್ನ ಗಂಡ ಹಾಕಿದ ಸಹಿ ಜೊತೆಗಿದೆ. ಬೇಸಿಗೆಗೆ ಉದ್ಯಾನ ಮುಚ್ಚಲು ಹದಿನೆಂಟು ದಿನ ಉಳಿದಿದೆ. ಇಂದಿನಿಂದ ಹತ್ತನೆಯ ದಿನ ಬೆಳಿಗ್ಗೆ, ನೀರು, ಟೈರು, ನಕ್ಷೆ ಸಮೇತ ನಾವು ನಿಮ್ಮ ಗೇಟಿನ ಮುಂದಿರುತ್ತೇವೆ. ಗೇಟು ತೆರೆಯದಿದ್ದರೆ ಅಲ್ಲೇ ಕುಳಿತಿರುತ್ತೇವೆ. ಗೇಟಿನವರೆಗೆ ದಾರಿ ಹುಡುಕುವುದು ಹೇಗೆಂದು ಚಿಂತೆ ಬೇಡ. ಗಾಡಿ ಓಡಿಸುವವಳು ನಾನು.

ಇಂತಿ,
ನಿಮ್ಮ ಕಡತದ ಪ್ರಕಾರ ಎಲ್ಲಿಗೂ ಹೋಗದೆ ಸುರಕ್ಷಿತವಾಗಿ ಮರಳಿದವಳು