ಮೈಮೂನಾಬಿ ಕೇಳಿದ್ದು

ಮಾವಳ್ಳಿ
೯-೩-೧೯೯೯

ಪ್ರೀತಿಯ ತಂಗಿ ಲಕ್ಕಿಗೆ,

ಅಣ್ಣನ ಆಶೀರ್ವಾದ. ನಿನ್ನ ಎರಡು ಕಾಗದ ಬಂದರೂ ಉತ್ತರ ಬರೆಯಲಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಪೆನ್ನು ಹಿಡಿದಾಗಲೆಲ್ಲ ಒಂದು ನೆವ ಸಿಗುತ್ತಿತ್ತು. ನಿಮ್ಮ ಬಾಡ ಊರಲ್ಲಿ ಎಲ್ಲರೂ ಸೌಖ್ಯ ತಾನೆ?

ನನಗೊಂದು ಹೊಸ ಕೆಲಸ ಸಿಕ್ಕಿದೆ, ನಗಬೇಡ. ಆ ಹಿಂದೂ-ಮುಸ್ಲಿಂ ಗಲಾಟೆಯಲ್ಲಿ ಮನೆ ಸುಟ್ಟುಹೋಗಿ, ಆರು ವರ್ಷವಾದರೂ ನಿದ್ದೆ ಬಾರದವರು ಭಟ್ಕಳದಲ್ಲಿ ಇನ್ನೂ ಇದ್ದಾರಲ್ಲ, ಅಂಥವರ ಮನೆಗೇ ಪ್ರತಿ ಗುರುವಾರ ಮನಸ್ಸಿನ ಡಾಕ್ಟರು ಬರುತ್ತಾರೆ. ಸುಮತಿ ಅಂತ, ಮೈಸೂರು ಕಡೆಯವರು. ಅವರಿಗೆ ಇಲ್ಲಿಯ ಮುಸಲ್ಮಾನರ ಮನೆಮಾತು ನವಾಯತಿ ಬಾರದು. ಆ ಕೇರಿಗಳಲ್ಲಿ ಮಲ್ಲಿಗೆ ಮಾರಿಕೊಂಡೇ ಬದುಕಿದ ನನಗೆ ಬರುತ್ತದೆ. ಹಾಗಾಗಿ ಮನೆಯವರ ಮಾತನ್ನು ಡಾಕ್ಟರಿಗೆ, ಡಾಕ್ಟರ ಮಾತನ್ನು ಮನೆಯವರಿಗೆ ದಾಟಿಸುವವನು ನಾನು. ನಿನ್ನ ಅತ್ತಿಗೆ ಮಂಗಲಾ, "ಹೂವಿನ ಮೊಳ ಗಿಡ್ಡ ಮಾಡ್ದಂಗೆ ಮಾತೂ ಗಿಡ್ಡ ಮಾಡ್ಬೇಡಿ ಮತ್ತೆ" ಎಂದು ಚುಚ್ಚಿದಳು.

ಕಳೆದ ಗುರುವಾರ ಮೈಮೂನಾಬಿಯವರ ಮನೆಗೆ ಹೋದೆವು. ಮೊದಲು ದಿನಾ ನನ್ನಿಂದ ಮೂರು ಮೊಳ ಕೊಳ್ಳುತ್ತಿದ್ದವರು. ಮನೆಯನ್ನು ಮತ್ತೆ ಕಟ್ಟಿಸಿದ್ದಾರೆ. ಹಗಲಲ್ಲೂ ಬಾಗಿಲಿಗೆ ಎರಡು ಅಗುಳಿ.

"ದೇವಣ್ಣ, ನೀ ಬಂದದ್ದು ಒಳ್ಳೇದಾತು. ನಿನ್ನ ಹತ್ರ ಆದ್ರೆ ಹೇಳ್ಬಹುದು" ಎಂದು ಅವರ ಭಾಷೆಯಲ್ಲಿ ಶುರುಮಾಡಿದರು. "ಬೆಂಕಿ ಇಟ್ಟವ್ರು ಪರವೂರಿನವ್ರು. ಬಾಗಿಲ ಮೇಲೆ ಹೆಸರಿರ್ಲಿಲ್ಲ. ಇಡೀ ಸಾಲಲ್ಲಿ ಮುಸಲ್ಮಾನರ ಮನೆ ಇದೊಂದೇ ಅಂತ ಅವ್ರಿಗೆ ಹೇಗೆ ಗೊತ್ತಾತು? ಯಾರು ತೋರಿಸಿದ್ರು? ಮಲಗಿದ್ರೆ ಅದೇ. ಎದುರು ಸಿಕ್ಕವರ ಮುಖವನ್ನೆಲ್ಲ ಇವನಾ, ಇವಳಾ ಅಂತ ನೋಡ್ತೆ."

"ಏನಂದ್ರು ದೇವಪ್ಪ? ತುಂಬಾ ಹೊತ್ತು ಮಾತಾಡಿದ್ರಲ್ಲ?" ಎಂದರು ಡಾಕ್ಟರು.

"ತಲೆನೋವಂತೆ. ನಿದ್ದೆ ಇಲ್ವಂತೆ."

ಡಾಕ್ಟರು ಮಾತ್ರೆ ಬರೆದುಕೊಟ್ಟರು. ಮೈಮೂನಾಬಿ ಚೀಟಿ ನೋಡುತ್ತ, "ನಾ ಕೇಳಿದ್ದಕ್ಕೆ ಇವ್ರು ಎಂತ ಹೇಳಿದ್ರು?" ಎಂದರು. ಅದನ್ನೂ ದಾಟಿಸಲಿಲ್ಲ. ಚಾ ಕುಡಿದು ಹೋಗು ಎಂದು ಕರೆಯುತ್ತಿದ್ದರೂ ಚಪ್ಪಲಿ ಅರ್ಧ ಮೆಟ್ಟಿಕೊಂಡೇ ಅಂಗಳ ದಾಟಿದೆ. ಅವರ ಮಾತು ನುಂಗಿ ಔಷಧಿಯ ಅರ್ಧವನ್ನು ನಾನೇ ಕದ್ದಂತಾಯಿತು, ಲಕ್ಕಿ.

ಮಕ್ಕಳು ಚೆನ್ನಾಗಿ ಓದಲಿ. ಭಾವನ ದೋಣಿ ತುಂಬಿ ಬರಲಿ. ನೀನು ಸದಾ ನಗುನಗುತ್ತಾ ಇರು.

ನಿನ್ನ ಅಣ್ಣ,
ದೇವಪ್ಪ

ತಾ.ಕ.: ಇದನ್ನು ಭಾವನಿಗೆ ಓದಿ ಹೇಳಬೇಡ. ಮೈಮೂನಾಬಿಯವರ ಮನೆ ಸುಟ್ಟ ದಿನ ನಾನು ಹೂವಿನ ಬುಟ್ಟಿ ಹಿಡಿದು ಆ ಸಾಲಿನ ತುದಿಯಲ್ಲೇ ಇದ್ದೆ. "ಹೂ ಕೊಡುವವ ನೀನು, ನಿಂಗೆ ಗೊತ್ತಿರ್ತದೆ. ಅವ್ರ ಮನೆ ಯಾವ್ದು?" ಎಂದು ಆ ಪರವೂರಿನವರು ಕೇಳಿದರು. ಯಾರೂ ಹೊಡೆಯಲಿಲ್ಲ, ಹೆದರಿಸಲೂ ಇಲ್ಲ. ಕೇಳಿದರು, ಕೈ ಎತ್ತಿ ತೋರಿಸಿದೆ. ಇನ್ನು ಬೇರೆಯವರನ್ನು ಕರೆದುಕೊಂಡು ಹೋಗಿ ಎಂದು ನಿನ್ನೆ ಡಾಕ್ಟರಿಗೆ ಹೇಳಿದೆ. ಅವರು ಮೈಮೂನಾಬಿಗೆ ಹೇಳಿ ಕಳಿಸಿದರಂತೆ. "ದೇವಣ್ಣ ಬರದಿದ್ರೆ ನಾ ಬಾಯಿ ಬಿಡೂದಿಲ್ಲ" ಎಂದಿದ್ದಾರೆ.