ನಾನು ಕಚ್ಚಿದ ದೋಸೆ

ಗುರುವಾರ, ಗಲುಂಗಾನ್ ಹಬ್ಬದ ಮಾರನೆಯ ದಿನ.

ಬೀಗರಿಗೆ ಗೊತ್ತಾದರೆ ಏನು ಗತಿ! ಮಗಳು ದೊಡ್ಡ ಜಾತಿಯ ಮನೆ ಸೇರಿದ ಮೇಲೆ ನಾನೂ ಅವಳನ್ನು ಗೌರವದಿಂದ ‘ಜೆರೊ, ತಾವು’ ಅನ್ನಬೇಕು. ಮೊಮ್ಮಗಳು ದೇವಾಯು ಹುಟ್ಟಿನಿಂದಲೇ ನಮಗಿಂತ ಮೇಲು. ಅವಳ ಎಂಜಲು ನಾನು ತಿನ್ನಬಹುದು, ನನ್ನದು ಅವಳ ಬಾಯಿಗೆ ತಾಗಬಾರದು. ಇವತ್ತು ನಾನು ಕಚ್ಚಿದ, ಬೆಲ್ಲದ ಪಾಕ ಸುರಿದ ಪುಟ್ಟ ಲಕ್ಲಕ್ ದೋಸೆಯನ್ನು ಮಗು ಕಸಿದು ಬಾಯಿಗೆ ಹಾಕಿಕೊಂಡಿತು.

“ಅಯ್ಯೋ ಜೆರೊ, ಉಗುಳಿಸಿ!”

“ನುಂಗಿ ಆಯ್ತು ಕಣಮ್ಮ, ಈಗೇನು ಹೊಟ್ಟೆ ಸೀಳ್ತೀಯಾ?” ಮಗಳು ನಕ್ಕಳು.

“ತಮ್ಮ ಅತ್ತೆಯವರು ಕೇಳಿದ್ರೆ?”

“ಅಜ್ಜಿ ಮನೇಲಿ ದೋಸೆ ತಿಂದ್ಲು ಅಂತೀನಿ. ಸುಳ್ಳೇನಲ್ವಲ್ಲ!”

ಮಗು ಬೆಲ್ಲ ಮೆತ್ತಿದ ಕೈ ಚಾಚಿತು. “ಅಜ್ಜಿ, ಇನ್ನೊಂದು. ನೀನು ಕಚ್ಚಿ ಕೊಡು.”

ಮಗಳು ಅತ್ತ ತಿರುಗಿದಾಗ ಒಂದು ಚೂರು ಕಚ್ಚಿಯೇ ಕೊಟ್ಟೆ. ತಪ್ಪೆಂದು ಗೊತ್ತು. ಆದರೂ ಅದು ಕಣ್ಣು ಮುಚ್ಚಿಕೊಂಡು ತಿನ್ನುತ್ತಿದ್ದ ಚೆಂದವನ್ನು ಮರೆಯಲಾರೆ.