ಚಪ್ಪಡಿಯನ್ನು ನೋಡದೆ ದಾಟಿದವಳಿಗೆ

ಅಮರ್ಲೆ,

‘ಗ್ರೇಸ್ ಅವರೇ’ ಎಂದು ಬರೆಯಬೇಕಿತ್ತೇನೋ. ಆ ಶನಿವಾರ ನನ್ನ ಪ್ರವಾಸಿಗಳ ಪಟ್ಟಿಯಲ್ಲಿ ನೀನು ಬರೆದ ಹೆಸರು ಅದೇ. ಆದರೆ ಮೂರು ವಾರದಿಂದ ಈ ಕಾಗದ ಶುರು ಮಾಡುತ್ತೇನೆ, ಹರಿಯುತ್ತೇನೆ. ಇನ್ನು ಸುಳ್ಳು ಹೆಸರನ್ನು ಸಾಕುವ ತಾಳ್ಮೆ ನನಗಿಲ್ಲ. ಕೂತರೆ ಏಳಬೇಕು ಅನ್ನಿಸುತ್ತದೆ, ಎದ್ದರೆ ಎಲ್ಲಿಗೆ ಅಂತ ತಿಳಿಯುವುದಿಲ್ಲ. ನಮ್ಮ ಮೀನುಗಾರರ ಕೇರಿ ಜೇಮ್ಸ್‌ಟೌನನ್ನು ಜನರಿಗೆ ನಡೆಸಿ ತೋರಿಸುವುದೇ ನನ್ನ ಹೊಟ್ಟೆಪಾಡು. ಈಗ ಕೆಲಸ ಮುಗಿದ ಮೇಲೂ ಅದೇ ಬೀದಿಗಳನ್ನು ಒಬ್ಬಳೇ ಸುತ್ತುತ್ತಿದ್ದೇನೆ. ಮೀನಿಗೆ ಹೊಗೆ ಹಾಕುವ ಹೆಂಗಸರು, “ಏನೇ ಕೊರ್ಲೆ, ಏನಾದ್ರೂ ಕಳ್ಕೊಂಡ್ಯಾ?” ಅಂತ ರೇಗಿಸುತ್ತಾರೆ. ಹೌದು ಅನ್ನಲೋ ಇಲ್ಲ ಅನ್ನಲೋ?

ನಿನಗೆ ಗೊತ್ತಿರುವುದನ್ನೇ ಹೇಳುತ್ತೇನೆ, ಆದರೆ ನನ್ನ ಕಡೆಯಿಂದ. ಅವತ್ತು ಒಟ್ಟು ಆರು ಜನ. ಒಳನಾಡಿನ ಕುಮಾಸಿಯ ಮೂವರು ಟೀಚರುಗಳು, ಹಾಲೆಂಡಿನ ಗಂಡಹೆಂಡತಿ, ಮತ್ತೆ ಅಗಲ ಟೋಪಿ, ಕಪ್ಪು ಕನ್ನಡಕದ ನೀನು. ದೂರದ ದೇಶದ ಇಂಗ್ಲಿಷ್ ಮಾತಾಡಿದೆ. ನಮ್ಮ ಗಾ ಭಾಷೆಯ ಒಂದು ಶಬ್ದವನ್ನೂ ಬಾಯಿಂದ ಬಿಡಲಿಲ್ಲ. ನನಗೆ ಏನೂ ಅನುಮಾನ ಬರಲಿಲ್ಲ. ಕೋಟೆಯ ಮೂಲೆ ತಿರುಗುವಾಗ, ಎಂದಿನಂತೆ ಕೈ ಎತ್ತಿ, “ನಿಧಾನ, ಇಲ್ಲಿ ಚರಂಡಿಯ ಚಪ್ಪಡಿ ಒಡೆದಿದೆ” ಎನ್ನುವಷ್ಟರಲ್ಲಿ ನೀನು ಸಮುದ್ರದ ಕಡೆ ನೋಡುತ್ತಲೇ ಎಡಗಾಲು ಉದ್ದ ಮಾಡಿ ಅದನ್ನು ದಾಟಿಬಿಟ್ಟೆ. ಕೆಳಗೆ ನೋಡಲೇ ಇಲ್ಲ. ಆ ಚಪ್ಪಡಿಯನ್ನು ಹಾಗೆ ದಾಟುವವರು ಈ ಬೀದಿಯಲ್ಲಿ ಬೆಳೆದವರು ಮಾತ್ರ. ನನ್ನ ಮಾತು ಅರ್ಧಕ್ಕೇ ನಿಂತಿತು. ಟೋಪಿಯ ಕೆಳಗೆ ನಿನ್ನ ಕಿವಿ ಕಂಡಿತು. ಇಪ್ಪತ್ತೊಂದು ವರ್ಷವಾದರೂ ಕಿವಿ ಬದಲಾಗುವುದಿಲ್ಲ ಕಣೇ.

ಆಮೇಲೆ ದೀಪಸ್ತಂಭದ ಬಗ್ಗೆ, ದೋಣಿಗಳ ಬಣ್ಣದ ಬಗ್ಗೆ ಏನೇನು ಹೇಳಿದೆನೋ ದೇವರೇ ಬಲ್ಲ. ನನ್ನ ಕಣ್ಣೆದುರಿಗಿದ್ದದ್ದು ಬೇರೆ. ನಿಮ್ಮಪ್ಪ ಲಾರ್ಯೆ ಸಮುದ್ರದಿಂದ ಬಾರದೇ ಹೋದ ಒಂಬತ್ತನೇ ದಿನ. ಮನೆ ತುಂಬ ಜನ. ನೀನು ಎಲ್ಲರೆದುರಿಗೆ ನಿಮ್ಮವ್ವನಿಗೆ, “ಜ್ವರದಲ್ಲಿ ಮಲಗಿದ್ದೋನ್ನ ಹಂಗಿಸಿ ಹಂಗಿಸಿ ಎಬ್ಬಿಸಿ ಕಳಿಸ್ದೆ. ನೀನೇ ಕೊಂದೆ” ಅಂದೆ. ಶೋರ್ಮೆ ಅವ್ವನ ಕೈ ನಿನ್ನ ಕೆನ್ನೆಗೆ ಬಿತ್ತು. ಮರುದಿನ ಬೆಳಿಗ್ಗೆ ನಿನ್ನ ಚೀಲ ಹೊತ್ತು ಬಸ್ಸಿನವರೆಗೆ ಬಂದವಳು ನಾನು. “ಕಡ್ಡಿ, ನಾನೆಲ್ಲಿದ್ದೀನಿ ಅಂತ ಯಾರಿಗೂ ಹೇಳಲ್ಲ ಅಂತ ಆಣೆ ಮಾಡು” ಎಂದು ನನ್ನ ಅಡ್ಡಹೆಸರು ಹಿಡಿದು ಕೇಳಿದೆ ನೀನು. ನಾನು ಮಾಡಿದೆ. ಎರಡು ವರ್ಷ ಪತ್ರ ಬಂತು, ಆಮೇಲೆ ಅದೂ ನಿಂತಿತು. ಇಷ್ಟು ವರ್ಷವೂ ದಿನಾ ಮಧ್ಯಾಹ್ನ ನಿಮ್ಮವ್ವ ಜೋಳದ ಸಿಪ್ಪೆಯಲ್ಲಿ ಸುತ್ತಿ ಬೇಯಿಸಿ ಮಾರುವ ಕೆಂಕೆ ಮುದ್ದೆ ತಿನ್ನುತ್ತಾ, “ಅವಳ ಸುದ್ದಿ ಏನಾದ್ರೂ?” ಎಂದು ಆಕೆ ಕೇಳಿದಾಗಲೆಲ್ಲ “ಇಲ್ಲವ್ವ” ಅಂದಿದ್ದೇನೆ. ಮೊದಮೊದಲು ಅದು ಸುಳ್ಳಾಗಿತ್ತು. ಆಮೇಲೆ ನಿಜವಾಯಿತು. ಯಾವುದು ಹೆಚ್ಚು ಕಷ್ಟ ಅಂತ ಈಗಲೂ ಹೇಳಲಾರೆ.

ನನ್ನ ದಾರಿಯಲ್ಲಿ ನಿಮ್ಮ ಓಣಿ ಇಲ್ಲ. ಅದನ್ನು ವಿಚಾರಿಸಿಕೊಂಡೇ ನೀನು ಬಂದಿದ್ದೆ ಅನ್ನಿಸುತ್ತದೆ. ಬಂದರಿಗೆ ಬಲಕ್ಕೆ ಇಳಿಯಬೇಕಾದ ಕಡೆ ನಾನು ಎಡಕ್ಕೆ ತಿರುಗಿದೆ. “ಇವತ್ತು ಒಳ್ಳೇ ಕೆಂಕೆ ತಿನ್ನಿಸ್ತೀನಿ” ಎಂದು ಕೂಗಿ ಹೇಳಿದೆ. ನೀನು ನಿಂತುಬಿಟ್ಟೆ. ತಿರುಗಿ ಹೋಗುತ್ತೀಯೇನೋ ಅಂದುಕೊಂಡೆ. ಹೋಗಲಿಲ್ಲ. ನಿನ್ನನ್ನೂ ಕೇಳದೆ, ಆಕೆಯನ್ನೂ ಕೇಳದೆ ಇಬ್ಬರನ್ನೂ ಎದುರುಬದುರು ನಿಲ್ಲಿಸಲು ನಾನ್ಯಾರು? ಈ ಪ್ರಶ್ನೆಯೇ ನನ್ನನ್ನು ಬೀದಿ ಬೀದಿ ಅಲೆಸುತ್ತಿರುವುದು.

ಅವ್ವ ಬಿಸಿ ಕೆಂಕೆಯ ಸಿಪ್ಪೆ ಸುಲಿದು, ಕರಿದ ಮೀನು, ಮೆಣಸಿನ ಚಟ್ನಿ ಇಟ್ಟು ಒಬ್ಬೊಬ್ಬರಿಗೇ ಕೊಟ್ಟಳು. ಹಾಲೆಂಡಿನವನು ಚಮಚ ಕೇಳಿದ್ದಕ್ಕೆ, “ಕೈ ಕೊಟ್ಟಿಲ್ವಾ ದೇವ್ರು ಇವ್ನಿಗೆ?” ಅಂತ ಗಾ ಭಾಷೆಯಲ್ಲಿ ಅಂದಳು. ನಿನ್ನ ತುಟಿ ಒಂದು ಚೂರು ಅಲುಗಿತು. ನಾನು ನೋಡಿದೆ. ನೀನು ತಲೆ ತಗ್ಗಿಸಿ ತಿಂದೆ, ಒಂದು ತುತ್ತೂ ಬಿಡಲಿಲ್ಲ. ಆಕೆ ನಿನಗೆ ಇನ್ನೊಂದು ಮೀನು ಹಾಕಿದಳು. ಬೇರೆ ಯಾರಿಗೂ ಹಾಕಲಿಲ್ಲ. ನೀನು ಇಂಗ್ಲಿಷಿನಲ್ಲಿ ಥ್ಯಾಂಕ್ಸ್ ಅಂದು ಎದ್ದೆ. ಅಷ್ಟೇ. ಬಂದರಿನ ಹತ್ತಿರ ಎಣಿಸಿ ನೋಡಿದರೆ ಐದೇ ಜನ ಉಳಿದಿದ್ದರು.

ಸಂಜೆ ಆಕೆಯ ಹತ್ತಿರ ಹೋದೆ. ಹಬ್ಬಕ್ಕೆ ಮುಂಚಿನ, ಡೋಲು ಬಾರಿಸಬಾರದ ತಿಂಗಳು, ಊರೆಲ್ಲ ಸುಮ್ಮನಿತ್ತು. ಹೇಳಲೋ ಬೇಡವೋ ಎಂದು ನಾನು ತೊದಲುತ್ತಿದ್ದರೆ ಅವ್ವ ಮಡಕೆ ತಿಕ್ಕುತ್ತಲೇ ಅಂದಳು: “ನಂಗೇನು ಕಣ್ಣಿಲ್ವಾ? ಓಣಿ ತಿರುಗ್ದಾಗ್ಲೇ ಗೊತ್ತಾಯ್ತು. ಅವರಪ್ಪನ ನಡಿಗೆ.”

“ಮತ್ತೆ ಯಾಕೆ ಕರೀಲಿಲ್ಲ?”

“ಹೆಸರು ಹಿಡ್ದು ಕರೆದ್ರೆ ಓಡ್ಹೋಗ್ತಿದ್ಲು. ಹೊಟ್ಟೆ ತುಂಬ ತಿಂದಾದ್ರೂ ಹೋಗ್ಲಿ ಅಂತ ಸುಮ್ನಾದೆ.” ತಿಕ್ಕಿದ ಮಡಕೆ ಬೋರಲು ಹಾಕಿದಳು. ಆಮೇಲೆ ಮುಖ ಎತ್ತದೆ ಹೇಳಿದಳು: “ಅವ್ಳು ಅವತ್ತು ಸುಳ್ಳು ಆಡ್ಲಿಲ್ಲ ಕೊರ್ಲೆ. ಹಣೆ ಮುಟ್ಟಿ ನೋಡಿದ್ದೆ ನಾನು. ಸುಡ್ತಾ ಇತ್ತು. ಆದ್ರೂ ಎಬ್ಬಿಸ್ದೆ. ನಿಜ ಹೇಳಿದ್ಳಲ್ಲ ಅಂತಾನೇ ಹೊಡೆದಿದ್ದು.”

ಇದನ್ನು ನಿನಗೆ ಬರೆಯಲು ಆಕೆಯ ಅಪ್ಪಣೆ ಪಡೆದಿದ್ದೇನೆ. ಇನ್ನು ಮುಂದೆ ನಿಮ್ಮಿಬ್ಬರ ನಡುವೆ ನಾನು ಗುಟ್ಟು ಹೊರುವುದಿಲ್ಲ.

ಅವತ್ತಿನಿಂದ ಆಕೆಗೂ ಕೂತಲ್ಲಿ ಕೂರಲಾಗುತ್ತಿಲ್ಲ. ಒಲೆಯನ್ನು ಪಕ್ಕದವಳಿಗೆ ಒಪ್ಪಿಸಿ ಬೀದಿಗೆ ಬಂದು ನಿಲ್ಲುತ್ತಾಳೆ. ಪ್ರವಾಸಿಗಳು ಬಂದರೆ ಅವರ ಕಾಲು ನೋಡುತ್ತಾಳೆ. ಕಳೆದ ಶನಿವಾರ, “ನಾನೂ ಬರ್ತೀನಿ, ನೀನು ಜನಕ್ಕೆ ಏನ್ ತೋರಿಸ್ತೀಯೋ ನೋಡ್ತೀನಿ” ಎಂದು ನನ್ನ ಗುಂಪಿನ ಹಿಂದೆ ಹೊರಟೇಬಿಟ್ಟಳು. ಎಪ್ಪತ್ತನಾಲ್ಕು ವರ್ಷ ಅದರ ನೆರಳಲ್ಲೇ ಬದುಕಿದವಳು ಮೊದಲ ಸಲ ದೀಪಸ್ತಂಭ ಹತ್ತಿದಳು. ಪ್ರತಿ ತಿರುವಿನಲ್ಲಿ ನಿಂತು, ಉಸಿರು ತಗೊಂಡು, ಕಟ್ಟಿದವನನ್ನು ಬೈದು, ಮತ್ತೆ ಹತ್ತಿದಳು. ಮೇಲೆ ಹೋಗಿ ಕೇಳಿದಳು: “ಅವ್ಳಿರೋ ದೇಶ ಯಾವ ಕಡೆ?”

ನಾನು ಯೋಚಿಸದೆ, “ಜರ್ಮನಿ, ಅಗೋ ಆ ಕಡೆ” ಎಂದು ಸಮುದ್ರದ ಕಡೆ ಕೈ ತೋರಿಸಿದೆ. ಗುಂಪಿನಲ್ಲಿದ್ದ ಒಬ್ಬ ನಾವಿಕ ನಕ್ಕು, “ಇಲ್ಲಮ್ಮ, ಜರ್ಮನಿ ನಿಮ್ಮ ಬೆನ್ನ ಹಿಂದೆ. ಉತ್ತರಕ್ಕೆ” ಎಂದ.

ಅವ್ವ ಕಂಬಿ ಹಿಡಿದು ನಿಧಾನ ತಿರುಗಿದಳು. ತುಕ್ಕು ಹಿಡಿದ ತಗಡಿನ ಮಾಡುಗಳು, ಅವುಗಳಾಚೆ ಊರು, ಊರಿನಾಚೆ ಮಬ್ಬು ದಿಗಂತ. ಗಂಡನನ್ನು ನುಂಗಿದ ಸಮುದ್ರವೇ ಮಗಳನ್ನೂ ಆಚೆ ಇಟ್ಟುಕೊಂಡಿದೆ ಅಂತ ಇಷ್ಟು ವರ್ಷ ನಂಬಿದ್ದಳಂತೆ. “ಹಾಗಾದ್ರೆ ನಡುವೆ ಇರೋದು ನೆಲಾನೇ,” ಅಂದಳು. “ನೆಲ ಆದ್ರೆ ನಡ್ಕೊಂಡು ಬರ್ಬಹುದಲ್ಲ.”

ಮಧ್ಯೆ ಇನ್ನೊಂದು ಸಮುದ್ರ ಇದೆಯೆಂದು ನಾವಿಕ ಬಾಯಿ ತೆರೆದ. ನಾನು ಅವನ ಕಾಲು ತುಳಿದೆ.

ಪಟ್ಟಿಯಲ್ಲಿ ಉಳಿದವರೆಲ್ಲ ಬರೀ ಊರಿನ ಹೆಸರು ಬರೆದಿದ್ದರು. ನೀನು ಹ್ಯಾಂಬರ್ಗಿನ ಬೀದಿ, ಬಾಗಿಲ ನಂಬರಿನ ಸಮೇತ ಬರೆದಿದ್ದೀಯ. ಯಾಕೆ ಅಂತ ಕೇಳುವುದಿಲ್ಲ. ಆಗಸ್ಟಿನಲ್ಲಿ ಹೊಮೊವೊ ಹಬ್ಬ. ಮನೆಯವರೆಲ್ಲ ಒಂದೇ ಪಾತ್ರೆಗೆ ಕೈ ಹಾಕುವ ದಿನ. ಈ ಸಲ ಪಟ್ಟಿಯಲ್ಲಿ ಹೆಸರು ಬರೆಸಬೇಡ, ನನ್ನ ಹಿಂದೆ ನಡೆಯಲೂ ಬೇಡ. ನೇರ ಓಣಿಗೆ ಬಾ.

ನೀನು ಎಲ್ಲಿ ನಡೆದರೂ ನೆಲ ನಿನ್ನ ಕಾಲಿಗೆ ಗಟ್ಟಿಯಾಗಿರಲಿ, ಕಣೇ.

ನಿನ್ನ,
ಕಡ್ಡಿ ಕೊರ್ಲೆ